ಹಿತ್ತಲಲ್ಲಿ ನಿಂತ ಜಾವಾ: ಗುಜರಿಗೋ, ದುರಸ್ತಿಗೋ?

ಊರಿನ ಕೊಟ್ಟಿಗೆಯಲ್ಲೋ ಹಿತ್ತಲ ಚಪ್ಪರದಡಿಯಲ್ಲೋ ಗೋಣಿಚೀಲ ಹೊದ್ದು ನಿಂತಿರುವ ಹಳೆಯ ಮೋಟಾರ್ ಸೈಕಲ್ಲು ನಮ್ಮಲ್ಲಿ ಅನೇಕರ ಮನೆಗಳಲ್ಲಿ ಉಂಟು. ತಂದೆಯವರೋ ದೊಡ್ಡಪ್ಪನವರೋ ಆಸೆಪಟ್ಟು ಕೊಂಡದ್ದು. ಈಗ ಅದನ್ನು ನಡೆಸುವವರಿಲ್ಲ. ಮಕ್ಕಳು ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೌಕರಿ ಹಿಡಿದಿದ್ದಾರೆ. ರಜೆಯಲ್ಲಿ ಊರಿಗೆ ಹೋದಾಗಲೆಲ್ಲ ಗುಜರಿಯವನು ಬಂದು ತೂಕದ ಲೆಕ್ಕದಲ್ಲಿ ಬೆಲೆ ಹೇಳುತ್ತಾನೆ. ಮನೆಯವರು "ಜಾಗ ಖಾಲಿಯಾದರೆ ಸಾಕು" ಎನ್ನುತ್ತಾರೆ. ಒಮ್ಮೆ ತೂಕಕ್ಕೆ ಹೋದ ಗಾಡಿ ಮತ್ತೆ ಬಾರದು. ಆದ್ದರಿಂದ ಕೊಡುವ ಮೊದಲು ಅದು ಏನು, ಮತ್ತೆ ಓಡೀತೇ, ಓಡಿಸಲು ಕಾನೂನು ಏನು ಹೇಳುತ್ತದೆ ಎಂಬ ಮೂರು ಸಂಗತಿಗಳನ್ನು ತಿಳಿದಿರುವುದು ಒಳ್ಳೆಯದು.

ಮೈಸೂರಿನ ಗಾಡಿ

ಜಾವಾ ಕಂಪೆನಿ ಹುಟ್ಟಿದ್ದು 1929ರಲ್ಲಿ, ಚೆಕ್ ದೇಶದ ಪ್ರಾಗ್ ನಗರದಲ್ಲಿ. ಸ್ಥಾಪಕರಾದ ಯಾನೆಚೆಕ್ ಅವರ ಹೆಸರಿನ ಮೊದಲ ಎರಡು ಅಕ್ಷರಗಳನ್ನೂ, ಅವರು ಯಾವ ಜರ್ಮನ್ ಕಂಪೆನಿಯ ಮೋಟಾರ್ ಸೈಕಲ್ಲಿನ ಹಕ್ಕು ಕೊಂಡಿದ್ದರೋ ಆ ವಾಂಡರರ್ ಹೆಸರಿನ ಮೊದಲ ಎರಡು ಅಕ್ಷರಗಳನ್ನೂ ಕೂಡಿಸಿ ಈ ಹೆಸರು ಕಟ್ಟಿದರು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಉತ್ಪಾದನೆ ಆರಂಭಿಸಿತು. ಅದರ ಹಿಂದಿದ್ದವರು ಇರಾನಿ ಮನೆತನದ ರುಸ್ತುಂ ಮತ್ತು ಫಾರೂಕ್ ಅವರು. ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. 1970ರ ದಶಕದಲ್ಲಿ ಗಾಡಿಯ ಹೆಸರು ಯೆಜ್ದಿ ಎಂದಾಯಿತು. ರೋಡ್‌ಕಿಂಗ್ ಮೊದಲಾದ ಮಾದರಿಗಳು ಬಂದವು. 1996ರಲ್ಲಿ ಕಾರ್ಖಾನೆ ಮುಚ್ಚಿತು.

2018ರಲ್ಲಿ ಜಾವಾ, 2022ರಲ್ಲಿ ಯೆಜ್ದಿ ಎಂಬ ಹೆಸರುಗಳು ಮತ್ತೆ ಮಾರುಕಟ್ಟೆಗೆ ಬಂದಿವೆ. ಆದರೆ ಹೊಸವು ನಾಲ್ಕು ಹೊಡೆತದ ಎಂಜಿನ್ನಿನವು. ಅವುಗಳ ಬಿಡಿಭಾಗ ಹಳೆಯ ಗಾಡಿಗೆ ಕೂಡುವುದಿಲ್ಲ. ಹೆಸರು ನೋಡಿ ಅಂಗಡಿಗೆ ಹೋದವನು ಬರಿಗೈಯಲ್ಲಿ ಬರಬೇಕಾದೀತು.

ಎರಡು ಹೊಡೆತದ ಗುಟ್ಟು

ಹಳೆಯ ಜಾವಾ 250ರ ಎಂಜಿನ್ನು ಎರಡು ಹೊಡೆತದ್ದು, ಅಂದರೆ ಟೂ ಸ್ಟ್ರೋಕ್. ಒಂದೇ ಸಿಲಿಂಡರ್, ಆದರೆ ಹೊಗೆಕೊಳವೆ ಎರಡು. ಗೇರ್ ಹಾಕುವ ಸನ್ನೆಯೇ ಕಿಕ್ ಹೊಡೆಯುವ ಸನ್ನೆಯೂ ಹೌದು. ಇದರಲ್ಲಿ ಕವಾಟಗಳಿಲ್ಲ. ಪಿಸ್ಟನ್ನು ಮೇಲೆ ಹೋಗುವಾಗ ತನ್ನ ತಲೆಯ ಮೇಲಿನ ಮಿಶ್ರಣವನ್ನು ಅದುಮುತ್ತದೆ. ಅದೇ ಹೊತ್ತಿಗೆ ಕೆಳಗಿನ ಕ್ರ್ಯಾಂಕ್ ಕೋಣೆಗೆ ಹೊಸ ಮಿಶ್ರಣವನ್ನು ಎಳೆದುಕೊಳ್ಳುತ್ತದೆ. ಕಿಡಿ ಹಾರಿ ಪಿಸ್ಟನ್ನು ಕೆಳಗೆ ಬರುವಾಗ ಸುಟ್ಟ ಹೊಗೆ ಒಂದು ಕಿಂಡಿಯಿಂದ ಹೊರಗೆ ಹೋಗುತ್ತದೆ, ಕೆಳಗಿನ ಮಿಶ್ರಣ ಇನ್ನೊಂದು ಕಿಂಡಿಯಿಂದ ಮೇಲೇರುತ್ತದೆ. ಹೀಗೆ ಕ್ರ್ಯಾಂಕ್ ಕೋಣೆಯೇ ಪಂಪಿನ ಕೆಲಸ ಮಾಡುತ್ತದೆ. ಅಲ್ಲಿ ಬೇರೆ ಎಣ್ಣೆ ನಿಲ್ಲಿಸಲು ಜಾಗವಿಲ್ಲವಾದ್ದರಿಂದ ಪೆಟ್ರೋಲಿನಲ್ಲೇ ಎಣ್ಣೆ ಬೆರೆಸುವುದು.

ಈ ಒಂದು ವಿಷಯ ಅರ್ಥವಾದರೆ ಅರ್ಧ ದುರಸ್ತಿ ಕಲಿತ ಹಾಗೆ. ಪಂಪು ಕೆಲಸ ಮಾಡಬೇಕಾದರೆ ಕೋಣೆ ಗಾಳಿಯಾಡದಂತೆ ಮುಚ್ಚಿರಬೇಕು. ಕ್ರ್ಯಾಂಕಿನ ಎರಡು ತುದಿಗಳಲ್ಲಿರುವ ರಬ್ಬರ್ ಸೀಲು ಒಣಗಿ ಬಿರಿದರೆ ಹೊರಗಿನ ಗಾಳಿ ಒಳಗೆ ನುಗ್ಗಿ, ಪೆಟ್ರೋಲೂ ಎಣ್ಣೆಯೂ ಸಾಲದಾಗಿ, ಪಿಸ್ಟನ್ನು ಕಾದು ಕಚ್ಚಿಕೊಳ್ಳುತ್ತದೆ. ಕ್ಲಚ್ಚಿನ ಕಡೆಯ ಸೀಲು ಹೋದರೆ ಗೇರ್ ಪೆಟ್ಟಿಗೆಯ ಎಣ್ಣೆಯನ್ನೇ ಎಂಜಿನ್ನು ಹೀರಿಕೊಳ್ಳುತ್ತದೆ. ಹೊಗೆ ನಿಲ್ಲದೆ ಬರುವುದು, ಗೇರ್ ಎಣ್ಣೆ ಇಳಿಯುತ್ತ ಹೋಗುವುದು ಇದರ ಲಕ್ಷಣ. ಇಂಥಲ್ಲಿ ಹೊಸ ಪಿಸ್ಟನ್ನು ಹಾಕಿಸಿ ಹಣ ಕಳೆಯುವ ಮೊದಲು ಸೀಲುಗಳನ್ನು ಬದಲಾಯಿಸಬೇಕು.

ಕೊಡಗು ಮಲೆನಾಡಿನ ತೋಟಗಳಲ್ಲಿ ಮರ ಕುಯ್ಯುವ ಚೈನ್ ಗರಗಸದ ಎಂಜಿನ್ನೂ ಸಾಮಾನ್ಯವಾಗಿ ಇದೇ ಜಾತಿಯದು. ಗರಗಸವನ್ನು ಅಡ್ಡಲಾಗಿ, ತಲೆಕೆಳಗಾಗಿ ಹಿಡಿಯಬೇಕಾದ್ದರಿಂದ ಅದರ ಕಾರ್ಬುರೇಟರಿನಲ್ಲಿ ತೇಲುಬುರುಡೆಯ ಬದಲು ತೆಳ್ಳನೆಯ ಪೊರೆ ಇರುತ್ತದೆ. ವರ್ಷಗಟ್ಟಲೆ ಸುಮ್ಮನಿಟ್ಟ ಗರಗಸ ಹತ್ತದಿದ್ದರೆ ಆ ಪೊರೆ ಗಟ್ಟಿಯಾಗಿರುವುದೇ ಅನೇಕ ವೇಳೆ ಕಾರಣ. ಆದರೆ ಚೈನ್ ಬ್ರೇಕ್ ಇಲ್ಲದ ಹಳೆಯ ಗರಗಸವನ್ನು ನೋಡುವ ವಸ್ತುವಾಗಿ ಇಟ್ಟುಕೊಳ್ಳಿ, ಮರಕ್ಕೆ ಹಚ್ಚಬೇಡಿ. ಎಂಜಿನ್ನು ಪರೀಕ್ಷಿಸುವಾಗ ಚೈನು ಕಳಚಿಡಿ.

ಕೆಲಸದ ಕ್ರಮ

ನಿಂತ ಗಾಡಿಯನ್ನು ಕಂಡೊಡನೆ ಕಿಕ್ ಹೊಡೆಯುವುದು ಸರಿಯಲ್ಲ. ಪಿಸ್ಟನ್ನು ತುಕ್ಕಿನಲ್ಲಿ ಕಚ್ಚಿದ್ದರೆ ಬಲಪ್ರಯೋಗದಿಂದ ರಿಂಗು ಮುರಿಯುತ್ತದೆ. ಮೊದಲು ಪ್ಲಗ್ಗು ಬಿಚ್ಚಿ ಆ ರಂಧ್ರದಲ್ಲಿ ಸ್ವಲ್ಪ ತೆಳು ಎಣ್ಣೆಯನ್ನೋ ಡೀಸೆಲನ್ನೋ ಬಿಟ್ಟು ಕೆಲವು ದಿನ ಸುಮ್ಮನಿರಬೇಕು. ಆಮೇಲೆ ಗಾಡಿಯನ್ನು ಗೇರಿನಲ್ಲಿಟ್ಟು ಹಿಂದಿನ ಚಕ್ರವನ್ನು ಕೈಯಿಂದ ಮೆಲ್ಲಗೆ ಹಿಂದೆ ಮುಂದೆ ತಿರುಗಿಸಿ ನೋಡಬೇಕು.

ಪಿಸ್ಟನ್ನು ಸಡಿಲವಾದರೆ ಕಿಡಿಯನ್ನು ನೋಡಿ. ಹಳೆಯ ಗಾಡಿಗಳ ವಿದ್ಯುತ್ತು 6 ವೋಲ್ಟಿನದು. ಬ್ಯಾಟರಿ ಸತ್ತಿದ್ದರೆ ಕಿಡಿ ಬಾರದು. ಬ್ಯಾಟರಿ ಸರಿಯಿದ್ದೂ ಕಿಡಿ ಬಾರದಿದ್ದರೆ ಪಾಯಿಂಟುಗಳ ಮೇಲೆ ಕೂತ ಕಪ್ಪನ್ನು ನುಣ್ಣನೆಯ ಎಮೆರಿ ಕಾಗದದಿಂದ ಉಜ್ಜಿ, ಅವುಗಳ ನಡುವಿನ ಸಂದನ್ನು ಫೀಲರ್ ಗೇಜಿನಿಂದ ಸುಮಾರು 0.4 ಮಿಲಿಮೀಟರಿಗೆ ಹೊಂದಿಸಬೇಕು. ಆಗಲೂ ಬಾರದಿದ್ದರೆ ಕಂಡೆನ್ಸರನ್ನೂ ಕಾಯಿಲನ್ನೂ ಪರೀಕ್ಷಿಸಬೇಕು.

ಮೂರನೆಯದು ಪೆಟ್ರೋಲಿನ ದಾರಿ. ಟಾಂಕಿಯ ಒಳಗೆ ತುಕ್ಕಿದ್ದರೆ ನಿಂಬೆ ಉಪ್ಪಿನ ನೀರನ್ನು ತುಂಬಿಸಿ ಒಂದು ರಾತ್ರಿ ಬಿಟ್ಟು, ಅಡಿಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು, ತೇವ ಉಳಿಯದಂತೆ ಒಣಗಿಸಬೇಕು. ಕಾರ್ಬುರೇಟರಿನ ಜೆಟ್ಟಿಗೆ ತಂತಿ ತೂರಿಸಬಾರದು. ರಂಧ್ರ ಹಿರಿದಾದರೆ ಅಳತೆ ಕೆಡುತ್ತದೆ. ಪೆಟ್ರೋಲಿನಲ್ಲಿ ನೆನೆಸಿ ಗಾಳಿ ಊದಿದರೆ ಸಾಕು.

ನಾಲ್ಕನೆಯದು ಹೊಗೆಯ ದಾರಿ. ಎಣ್ಣೆ ಸುಟ್ಟ ಮಸಿ ಸೈಲೆನ್ಸರಿನಲ್ಲಿ ಕಟ್ಟಿಕೊಂಡರೆ ಗಾಡಿ ಏದುಸಿರು ಬಿಡುತ್ತದೆ, ಏರು ಹತ್ತುವುದಿಲ್ಲ. ಒಳಗಿನ ಕೊಳವೆಯನ್ನು ಹೊರತೆಗೆದು ಮಸಿ ಕೆರೆಯಬೇಕು. ಕಾಸ್ಟಿಕ್ ಸೋಡಾ ಬಳಸುವವರು ಅದನ್ನು ಉಕ್ಕಿನ ಭಾಗಕ್ಕೆ ಮಾತ್ರ ಹಚ್ಚಬೇಕು. ಅಲ್ಯೂಮಿನಿಯಮ್ಮನ್ನು ಅದು ತಿಂದುಬಿಡುತ್ತದೆ. ಕೈಗವಸು, ಕನ್ನಡಕ ತಪ್ಪಿಸಬೇಡಿ.

ಇವೆಲ್ಲ ಮುಗಿದು ಬ್ರೇಕು, ಟಯರು, ಕೇಬಲ್ಲು ಹೊಸದಾದ ಮೇಲೆಯೇ ರಸ್ತೆಯ ಯೋಚನೆ. ಬಣ್ಣ ಕೊನೆಗೆ. ಬಣ್ಣದಿಂದ ಆರಂಭಿಸಿದ ಕೆಲಸ ಅರ್ಧಕ್ಕೆ ನಿಲ್ಲುವುದೇ ಹೆಚ್ಚು.

ಈಗಿನ ಪೆಟ್ರೋಲು

2025ರ ಹೊತ್ತಿಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥನಾಲ್ ಬೆರೆಸುವ ಪದ್ಧತಿ ಎಲ್ಲೆಡೆ ಬಂದಿದೆ. ಹಳೆಯ ಗಾಡಿಗಳ ರಬ್ಬರು ಮತ್ತು ಬಿರಡೆ ತೊಗಟೆಯ ವಾಷರುಗಳನ್ನು ಇದಕ್ಕೆಂದು ಮಾಡಿದ್ದಲ್ಲ. ಎಥನಾಲ್ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ನಮ್ಮ ಕೊಂಕಣ ಕರಾವಳಿಯ ಮಳೆಗಾಲದಲ್ಲಿ ತೇವಕ್ಕೆ ಕೊರತೆಯಿಲ್ಲ. ಆದ್ದರಿಂದ ಪೆಟ್ರೋಲ್ ಕೊಳವೆ, ವಾಷರು, ಸೀಲುಗಳನ್ನು ಈ ಪೆಟ್ರೋಲು ತಾಳುವಂಥ ಹೊಸ ಬಗೆಯವಕ್ಕೆ ಬದಲಾಯಿಸಬೇಕು. ಕೆಲವು ವಾರ ಓಡಿಸುವುದಿಲ್ಲವೆಂದಾದರೆ ಟಾಂಕಿಯನ್ನೂ ಕಾರ್ಬುರೇಟರನ್ನೂ ಖಾಲಿ ಮಾಡಿಡಬೇಕು. ಮಿಶ್ರಣಕ್ಕೆ ಒಳ್ಳೆಯ ಟೂ ಸ್ಟ್ರೋಕ್ ಎಣ್ಣೆ ಲೀಟರಿಗೆ 30ರಿಂದ 40 ಮಿಲಿಲೀಟರು. ಹೊಸ ಪಿಸ್ಟನ್ನು ಹಾಕಿದ್ದರೆ ಮೊದಮೊದಲು 40.

ಕಾಗದಪತ್ರ

ಗಾಡಿ ಓಡಿದರೂ ಕಾಗದ ಓಡದಿದ್ದರೆ ಶ್ರಮ ವ್ಯರ್ಥ. ಚಾಸಿಯ ಮೇಲೂ ಎಂಜಿನ್ನಿನ ಮೇಲೂ ಕೊರೆದಿರುವ ಸಂಖ್ಯೆಗಳು ನೋಂದಣಿ ಪುಸ್ತಕದೊಡನೆ ತಾಳೆಯಾಗುತ್ತವೆಯೇ ಎಂದು ಒಂದು ರೂಪಾಯಿ ಖರ್ಚು ಮಾಡುವ ಮೊದಲೇ ನೋಡಿ. ಬೇರೆಯವರಿಂದ ಕೊಳ್ಳುವುದಾದರೆ ಕಾಗದವಿಲ್ಲದ ಗಾಡಿ ಎಷ್ಟು ಅಗ್ಗವಾದರೂ ಬೇಡ.

ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರು ಮೂರು ತಿಂಗಳೊಳಗೆ 31ನೆಯ ನಮೂನೆಯಲ್ಲಿ ವರ್ಗಾವಣೆಗೆ ಅರ್ಜಿ ಹಾಕಬೇಕೆಂಬುದು ನಿಯಮ. ಆ ಅವಧಿ ಮೀರಿದ್ದರೆ ಇನ್ನೂ ತಡಮಾಡದೆ ಊರಿನ ಆರ್.ಟಿ.ಓ. ಕಚೇರಿಗೆ ಹೋಗಿ ವಿಚಾರಿಸಿ. ಹದಿನೈದು ವರ್ಷ ತುಂಬಿದ ಗಾಡಿಯ ನೋಂದಣಿಯನ್ನು 25ನೆಯ ನಮೂನೆಯಲ್ಲಿ, ಗಾಡಿಯನ್ನು ತಪಾಸಣೆಗೆ ಒಪ್ಪಿಸಿ, ನವೀಕರಿಸಿಕೊಳ್ಳಬೇಕು.

ಕರ್ನಾಟಕದ ಗಾಡಿಯನ್ನು ಇಲ್ಲಿಗೆ ತಂದು ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವುದಾದರೆ ಮೂಲ ಕಚೇರಿಯಿಂದ 28ನೆಯ ನಮೂನೆಯ ನಿರಾಕ್ಷೇಪಣ ಪತ್ರ ತಂದು, ಮಹಾರಾಷ್ಟ್ರದ ತೆರಿಗೆ ಕಟ್ಟಿ, ಇಲ್ಲಿಯ ಸಂಖ್ಯೆ ಪಡೆಯಬೇಕು. ಠಾಣೆಯದು ಎಂ.ಎಚ್. 04, ಕಲ್ಯಾಣದ್ದು 05, ನವಿ ಮುಂಬಯಿಯದು 43.

ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗೆ ಇನ್ನೊಂದು ದಾರಿ ಉಂಟು. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ಮಾಡಿತು. ಹೊಸ ನೋಂದಣಿಯ ಶುಲ್ಕವನ್ನು 20,000 ರೂಪಾಯಿ, ಅವಧಿಯನ್ನು 10 ವರ್ಷ ಎಂದು ಅದು ಗೊತ್ತುಮಾಡಿತು; ಸಂಖ್ಯೆಯ ನಡುವೆ ವಿ.ಎ. ಎಂಬ ಅಕ್ಷರ ಬರುತ್ತದೆ. ಆದರೆ ಅಂಥ ಗಾಡಿಯನ್ನು ಪ್ರದರ್ಶನ, ವಿಂಟೇಜ್ ರ‍್ಯಾಲಿ, ದುರಸ್ತಿ, ಪೆಟ್ರೋಲು ಹಾಕಿಸುವುದು ಮುಂತಾದ ಕೆಲಸಗಳಿಗೆ ಮಾತ್ರ ರಸ್ತೆಗಿಳಿಸಬಹುದು. ಮನೆಯಿಂದ ಸ್ಟೇಷನ್ನಿಗೆ ನಿತ್ಯ ಓಡಿಸಬೇಕೆನ್ನುವವರಿಗೆ ಸಾಮಾನ್ಯ ನವೀಕರಣವೇ ತಕ್ಕದ್ದು.

ಎಲ್ಲಿ ಮಾಡುವುದು?

ಒಂದು ಕೋಣೆಯ ಮನೆಯಲ್ಲಿ ಇದಕ್ಕೆ ಜಾಗವೆಲ್ಲಿ ಎಂದು ಕೇಳಬಹುದು. ಇಡೀ ಗಾಡಿಯನ್ನು ಇಲ್ಲಿಗೆ ತರಬೇಕಾಗಿಲ್ಲ. ಊರಿಗೆ ಹೋದಾಗ ಕಾರ್ಬುರೇಟರನ್ನೋ ಪಾಯಿಂಟಿನ ತಟ್ಟೆಯನ್ನೋ ಬಿಚ್ಚಿ ಡಬ್ಬಿಯಲ್ಲಿ ತಂದರೆ ಭಾನುವಾರದ ಎರಡು ಗಂಟೆಯಲ್ಲಿ ಅಡಿಗೆಮನೆಯ ಕಟ್ಟೆಯಷ್ಟು ಜಾಗದಲ್ಲಿ ಶುದ್ಧಿ ಮಾಡಬಹುದು. ಪೆಟ್ರೋಲಿನ ಕೆಲಸವನ್ನು ಮಾತ್ರ ಒಲೆ, ದೀಪಗಳಿಂದ ದೂರ, ಬಯಲಲ್ಲಿ ಮಾಡಬೇಕು. ಬಿಚ್ಚುವಾಗ ಪ್ರತಿ ಹಂತದ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ತಿಂಗಳಾನಂತರ ಜೋಡಿಸುವಾಗ ನೆನಪಿಗಿಂತ ಚಿತ್ರ ಹೆಚ್ಚು ನಂಬಿಕೆಗೆ ಯೋಗ್ಯ. ಬಿಡಿಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಬಹುದು. ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ-ಯೆಜ್ದಿ ದಿನವೆಂದು ಹಳೆಯ ಗಾಡಿಗಳವರು ಸೇರುತ್ತಾರೆ. ಪುಸ್ತಕ ಹೇಳದ ಎಷ್ಟೋ ಸಂಗತಿ ಅಲ್ಲಿ ಅರ್ಧ ಗಂಟೆಯಲ್ಲಿ ತಿಳಿಯುತ್ತದೆ.

ಎಲ್ಲ ಗಾಡಿಯೂ ಉಳಿಯುವಂಥದ್ದಲ್ಲ. ಚಾಸಿ ತುಕ್ಕಿನಿಂದ ತೂತಾಗಿದ್ದರೆ, ಸಂಖ್ಯೆ ಅಳಿಸಿದ್ದರೆ, ಕಾಗದ ಸಿಗದಿದ್ದರೆ ಅದಕ್ಕೆ ಸಾಲ ಮಾಡುವುದು ವಿವೇಕವಲ್ಲ. ಆದರೆ ನೋಡದೆ, ವಿಚಾರಿಸದೆ ತೂಕಕ್ಕೆ ಹಾಕುವುದೂ ವಿವೇಕವಲ್ಲ. ಮುಂದಿನ ಸಲ ಊರಿಗೆ ಹೋದಾಗ ಗೋಣಿಚೀಲ ಸರಿಸಿ, ಚಾಸಿಯ ಸಂಖ್ಯೆ ಬರೆದುಕೊಂಡು, ಪೆಟ್ಟಿಗೆಯಲ್ಲಿ ನೋಂದಣಿ ಪುಸ್ತಕ ಹುಡುಕಿ. ಪಾನಾ ಹಿಡಿಯುವುದು ಅದಾದ ಮೇಲೆ.