ಬ್ರೇಕ್ ಒತ್ತಿದರೆ ಬ್ಯಾಟರಿ ತುಂಬುವ ಕಾರು

ನಂದಿಕೂರಿನ ಪಕ್ಕದ ಎಲ್ಲೂರಿನ ಸ್ಥಾವರದಲ್ಲಿ ಕಲ್ಲಿದ್ದಲು ಉರಿದು ವಿದ್ಯುತ್ತಾಗುವುದು ನಮ್ಮ ಭಾಗದ ಮಕ್ಕಳಿಗೆಲ್ಲ ಗೊತ್ತು. ಏನನ್ನಾದರೂ ವ್ಯಯಿಸದೆ ವಿದ್ಯುತ್ ಹುಟ್ಟದು. ಹಾಗಿದ್ದರೆ, ಪ್ಲಗ್ಗಿಗೆ ಸಿಕ್ಕಿಸದೆಯೇ ಬ್ಯಾಟರಿ ತುಂಬಿಸಿಕೊಳ್ಳುವ ಹೈಬ್ರಿಡ್ ಕಾರಿಗೆ ವಿದ್ಯುತ್ ಎಲ್ಲಿಂದ ಬರುತ್ತದೆ? ಪುಕ್ಕಟೆ ಕರೆಂಟು ಎಂದು ನಂಬಿದವರೂ ಇದ್ದಾರೆ. ಕಾರು ಕೊಳ್ಳಲು ಹೊರಟ ಪಾಲಕರೂ, ಶಕ್ತಿ ಸಂರಕ್ಷಣಾ ನಿಯಮ ಓದುತ್ತಿರುವ ಮಕ್ಕಳೂ ಈ ಮಾತನ್ನು ಒರೆಗೆ ಹಚ್ಚಿ ನೋಡಬೇಕು.

ಜಪಾನಿನ ಟೊಯೋಟಾ ಕಂಪೆನಿ 1997ರಲ್ಲಿ ಪ್ರಿಯಸ್ ಎಂಬ ಹೈಬ್ರಿಡ್ ಕಾರನ್ನು ಮಾರುಕಟ್ಟೆಗೆ ತಂದಿತು. ನಮ್ಮ ಬಿಡದಿಯ ಕಾರ್ಖಾನೆಯಲ್ಲಿ 2013ರಲ್ಲಿ ಕ್ಯಾಮ್ರಿ ಹೈಬ್ರಿಡ್ ಜೋಡಣೆ ಆರಂಭವಾಯಿತು. 2022ರಲ್ಲಿ ಅಲ್ಲಿಂದಲೇ ಹೈರೈಡರ್ ಎಂಬ ಚಿಕ್ಕ ಗಾತ್ರದ ಕಾರು ಹೊರಬಂತು. ಇದರ ಹೈಬ್ರಿಡ್ ಮಾದರಿಯಲ್ಲಿ ಒಂದೂವರೆ ಲೀಟರಿನ ಪೆಟ್ರೋಲ್ ಎಂಜಿನ್, ವಿದ್ಯುತ್ ಮೋಟಾರು ಎರಡೂ ಇವೆ. ಬ್ಯಾಟರಿ ಮಾತ್ರ ಪುಟ್ಟದು. ಮನೆಯ ಮೀಟರಿನ ಲೆಕ್ಕದಲ್ಲಿ ಸುಮಾರು ಮುಕ್ಕಾಲು ಯೂನಿಟ್.

ಈಗ ಒಂದು ಲೆಕ್ಕ. ಜನರೂ ಸೇರಿ 1,400 ಕಿಲೋ ತೂಗುವ ಕಾರು ಗಂಟೆಗೆ 54 ಕಿ.ಮೀ., ಅಂದರೆ ಸೆಕೆಂಡಿಗೆ 15 ಮೀಟರ್ ವೇಗದಲ್ಲಿದೆ ಎನ್ನಿ. ಅದರ ಚಲನಶಕ್ತಿ ಸುಮಾರು 1,57,500 ಜೌಲ್. ಅರ್ಧ ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಇಷ್ಟು ಸಾಕು. ಸಾಮಾನ್ಯ ಕಾರಿನಲ್ಲಿ ಬ್ರೇಕ್ ಒತ್ತಿದಾಗ ಇದೆಲ್ಲ ಘರ್ಷಣೆಯಿಂದ ಬಿಸಿಯಾಗಿ ಗಾಳಿಗೆ ಹೋಗುತ್ತದೆ.

ಹೈಬ್ರಿಡ್ ಕಾರಿನಲ್ಲಿ ಹಾಗಲ್ಲ. ಬ್ರೇಕ್ ಒತ್ತಿದೊಡನೆ ಚಕ್ರಗಳೇ ಮೋಟಾರನ್ನು ತಿರುಗಿಸುತ್ತವೆ. ಮೋಟಾರು ಡೈನಮೋ ಆಗಿ ವಿದ್ಯುತ್ ಉತ್ಪಾದಿಸುತ್ತದೆ. ಶಕ್ತಿಯ ಒಂದು ಪಾಲು ಬ್ಯಾಟರಿ ಸೇರುತ್ತದೆ. ಮತ್ತೆ ಹೊರಡುವಾಗ ಮೋಟಾರು ಅದನ್ನೇ ಬಳಸಿ ಕಾರನ್ನು ನೂಕುತ್ತದೆ. ನಿಂತಾಗ ಎಂಜಿನ್ ಸಾಮಾನ್ಯವಾಗಿ ಆರಿರುವುದರಿಂದ ಪೆಟ್ರೋಲ್ ಉರಿಯುವುದಿಲ್ಲ.

ಎಂಜಿನ್ನನ್ನೂ ಮೋಟಾರನ್ನೂ ಹೊಂದಿಸುವುದು ಒಂದು ಜಾಣ ಗಿಯರ್ ವ್ಯವಸ್ಥೆ. ಸೂರ್ಯನ ಸುತ್ತ ಗ್ರಹಗಳಿರುವಂತೆ ನಡುವಿನ ಹಲ್ಲುಚಕ್ರದ ಸುತ್ತ ಸಣ್ಣ ಚಕ್ರಗಳು, ಅವುಗಳ ಹೊರಗೊಂದು ಬಳೆ. ನಡುವಿನ ಚಕ್ರಕ್ಕೆ ಜನರೇಟರ್, ಸಣ್ಣ ಚಕ್ರಗಳ ಚೌಕಟ್ಟಿಗೆ ಎಂಜಿನ್. ಬಳೆಯ ಸಂಪರ್ಕ ಕಾರಿನ ಚಕ್ರಗಳಿಗೆ. ಇದರಿಂದ ಎಂಜಿನ್ನಿನ ಬಲ ಎರಡಾಗಿ ಒಡೆದು, ಒಂದು ಪಾಲು ನೇರವಾಗಿ ಚಕ್ರಗಳಿಗೆ, ಇನ್ನೊಂದು ವಿದ್ಯುತ್ತಾಗಿ ಮೋಟಾರಿಗೋ ಬ್ಯಾಟರಿಗೋ ಹೋಗುತ್ತದೆ. ಕಾರಿನ ವೇಗ ಎಷ್ಟೇ ಇರಲಿ, ಎಂಜಿನ್ ತನಗೆ ಹಿತವಾದ, ಮಿತವ್ಯಯದ ವೇಗದಲ್ಲಿ ದುಡಿಯಬಹುದು.

ಆದರೆ ಇದಕ್ಕೂ ಮಿತಿಯಿದೆ. ಇದೇ ಕಾರು ಆಗುಂಬೆ ಘಾಟಿಯಲ್ಲಿ 500 ಮೀಟರ್ ಎತ್ತರ ಇಳಿಯಿತೆನ್ನಿ. ಬಿಡುಗಡೆಯಾಗುವ ಶಕ್ತಿ ಸುಮಾರು 70 ಲಕ್ಷ ಜೌಲ್, ಅಂದರೆ ಹತ್ತಿರ ಹತ್ತಿರ ಎರಡು ಯೂನಿಟ್. ಮುಕ್ಕಾಲು ಯೂನಿಟ್ಟಿನ ಬ್ಯಾಟರಿಯಲ್ಲಿ ಅದಕ್ಕೆ ಜಾಗವೆಲ್ಲಿ? ಅರ್ಧ ದಾರಿಯಲ್ಲೇ ಅದು ತುಂಬಬಹುದು. ಆಮೇಲೆ ಎಂಜಿನ್ನಿನ ತಡೆ ಮತ್ತು ಮಾಮೂಲಿ ಬ್ರೇಕುಗಳದೇ ಕೆಲಸ. ಚಾಲಕನ ಎಚ್ಚರ ಎಂದಿನಂತೆಯೇ ಬೇಕು.

ಇನ್ನು ಪಾಲಕರ ಪ್ರಶ್ನೆ: ಹೆಚ್ಚಿನ ಬೆಲೆ ಕೊಟ್ಟು ಕೊಂಡರೆ ಲಾಭವೆ? ಉಡುಪಿಯ ಕಲ್ಸಂಕದಲ್ಲಿ ನಿಂತು, ಮಣಿಪಾಲದ ಏರಿನಲ್ಲಿ ತೆವಳಿ, ದಿನವೂ ಪೇಟೆಯಲ್ಲೇ ಓಡಾಡುವವರಿಗೆ ಉಳಿತಾಯ ಚೆನ್ನಾಗಿಯೇ ಇದೆ. ಪಡುಬಿದ್ರಿಯಿಂದ ಹೆದ್ದಾರಿ ಹಿಡಿದು ಒಂದೇ ವೇಗದಲ್ಲಿ ಸಾಗುವವರು ಬ್ರೇಕ್ ಒತ್ತುವುದೇ ಅಪರೂಪ. ಅವರಿಗೆ ಮರಳಿ ಸಿಗುವುದೂ ಕಡಿಮೆ. ತಿಂಗಳಿಗೆ ನಾಲ್ಕು ಸಲ ಕಾರು ತೆಗೆಯುವವರಿಗೆ ಹೆಚ್ಚುವರಿ ಬೆಲೆ ಹುಟ್ಟುವುದೇ ಕಷ್ಟ.

ಕೊನೆಗೂ ಈ ಕಾರಿನ ಪ್ರತಿಯೊಂದು ಜೌಲ್ ಶಕ್ತಿಯೂ ಟ್ಯಾಂಕಿಗೆ ಸುರಿದ ಪೆಟ್ರೋಲಿನದೇ. ಹೈಬ್ರಿಡ್ ಶಕ್ತಿಯನ್ನು ಸೃಷ್ಟಿಸುವುದಿಲ್ಲ. ಸೋರಿಹೋಗುವುದನ್ನು ಹಿಡಿದಿಡುತ್ತದೆ, ಅಷ್ಟೆ. ಅದು ಸಣ್ಣ ಸಾಧನೆಯೇನಲ್ಲ.