ಅಪ್ಪನ ಎಸೆತ, ಮಗನ ಎಸೆತ

2024ರ ಜೂನ್ ತಿಂಗಳಿನಲ್ಲಿ, ನನ್ನ ಅರವತ್ತೇಳನೆಯ ವಯಸ್ಸಿನಲ್ಲಿ, ಅಮೆರಿಕದ ನ್ಯೂಜೆರ್ಸಿಯ ಒಂದು ಸಣ್ಣ ಊರಿನ ಜಾತ್ರೆಯಲ್ಲಿ ನಾನು ಮೊದಲ ಬಾರಿಗೆ ಬೇಸ್‌ಬಾಲ್ ಚೆಂಡನ್ನು ಎಸೆದೆ. ಜಾತ್ರೆಯೆಂದರೆ ತೇರಿಲ್ಲ, ದೇವರಿಲ್ಲ. ತಿರುಗುವ ತೊಟ್ಟಿಲು, ಸಕ್ಕರೆ ಮಿಠಾಯಿ ಮತ್ತು ಬಲೆ ಕಟ್ಟಿದ ಒಂದು ಮಳಿಗೆ. ಮೂರು ಡಾಲರ್ ಕೊಟ್ಟರೆ ಮೂರು ಚೆಂಡು. ಬಲೆಯ ಹಿಂದಿನ ಯಂತ್ರವೊಂದು ನೀವು ಎಸೆದ ಚೆಂಡು ಗಂಟೆಗೆ ಎಷ್ಟು ಮೈಲಿ ವೇಗದಲ್ಲಿ ಹೋಯಿತೆಂಬುದನ್ನು ಕೆಂಪು ಅಂಕೆಗಳಲ್ಲಿ ತೋರಿಸುತ್ತದೆ. ನನ್ನ ಅತ್ಯುತ್ತಮ ಎಸೆತ 36. ಮಗನದು 55. ಹನ್ನೊಂದು ವರ್ಷದ ಮೊಮ್ಮಗನದು 50.

ಸಾಲಿನಲ್ಲಿ ನಮ್ಮ ಹಿಂದೆ ನಿಂತಿದ್ದವರೆಲ್ಲ ಬಹುಪಾಲು ತಂದೆ-ಮಕ್ಕಳೇ. ಎಲ್ಲರದೂ ಒಂದೇ ಕ್ರಮ: ಮೊದಲು ತಂದೆ ಎಸೆಯುತ್ತಾನೆ, ಅನಂತರ ಮಗ, ಬಳಿಕ ಇಬ್ಬರೂ ಅಂಕೆಯ ಕಡೆ ನೋಡುತ್ತಾರೆ. ಒಬ್ಬ ತಾಯಿ, ಕಾಲೇಜಿನಲ್ಲಿ ಸಾಫ್ಟ್‌ಬಾಲ್ ಆಡಿದವರಂತೆ, ಗಂಡನನ್ನೂ ಮಗನನ್ನೂ ಹಿಂದೆ ಹಾಕಿ 59 ಎಸೆದಾಗ ಸಾಲಿನವರೆಲ್ಲ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಮೊಮ್ಮಗ ಮಾತ್ರ ತಟ್ಟಲಿಲ್ಲ. ಅವನು ಬೆರಳು ಮಡಿಸಿ ಏನೋ ಎಣಿಸುತ್ತಿದ್ದ. ತನಗೂ ತಂದೆಗೂ ಇದ್ದ ಐದು ಮೈಲಿಯ ಅಂತರವನ್ನು ಎಷ್ಟು ದಿನಗಳಲ್ಲಿ ತುಂಬಬಹುದೆಂಬ ಲೆಕ್ಕ ಅದೆಂದು ನನಗೆ ತಿಳಿದದ್ದು ಒಂದು ತಿಂಗಳ ನಂತರ.

ಮಗನಿಗೆ ತನ್ನ 55ರ ಬಗ್ಗೆ ಅಸಮಾಧಾನವಿತ್ತು. ಮೈಸೂರಿನ ಮೈದಾನಗಳಲ್ಲಿ ಟೆನಿಸ್ ಚೆಂಡಿನಲ್ಲಿ ವೇಗದ ಬೌಲರ್ ಎನಿಸಿಕೊಂಡಿದ್ದವನು ಅವನು. "ಇಷ್ಟೇನಾ ಅಪ್ಪ? ಕಿಲೋಮೀಟರಿಗೆ ಪರಿವರ್ತಿಸಿದರೂ ತೊಂಬತ್ತು ದಾಟುವುದಿಲ್ಲವಲ್ಲ" ಎಂದ. ಕ್ರಿಕೆಟ್ಟಿನ ಬೌಲಿಂಗಿಗೂ ಬೇಸ್‌ಬಾಲಿನ ಎಸೆತಕ್ಕೂ ಇರುವ ವ್ಯತ್ಯಾಸವನ್ನು ಅವನಿಗೆ ನಾನು ಹೇಳಬೇಕಾಗಿರಲಿಲ್ಲ. ಆದರೂ ಉಪದೇಶ ಮಾಡುವ ಚಟ ನಿವೃತ್ತ ಅಧಿಕಾರಿಯನ್ನು ಸುಲಭವಾಗಿ ಬಿಡುವುದಿಲ್ಲ. ಕ್ರಿಕೆಟ್ಟಿನಲ್ಲಿ ಓಡಿಬಂದು, ಕೈಯನ್ನು ನೇರವಾಗಿಟ್ಟು ಚೆಂಡು ಬಿಡಬೇಕು. ಚೆಂಡು ಬಿಡುವಾಗ ಮೊಣಕೈ 15 ಡಿಗ್ರಿಗಿಂತ ಹೆಚ್ಚು ನೆಟ್ಟಗಾದರೆ ಅಕ್ರಮ. ಬೇಸ್‌ಬಾಲಿನಲ್ಲಿ ಓಟವಿಲ್ಲ. ಪಿಚರ್ ಎಂದು ಕರೆಯುವ ಎಸೆತಗಾರ ಒಂದು ದಿಬ್ಬದ ಮೇಲೆ ನಿಂತಲ್ಲಿಂದಲೇ ಒಂದು ಹೆಜ್ಜೆ ಮುಂದಿಟ್ಟು, ಮಡಚಿದ ಮೊಣಕೈಯನ್ನು ಚಾವಟಿಯಂತೆ ಬೀಸುತ್ತಾನೆ. ಅಲ್ಲಿ ಅಪರಾಧವಾದದ್ದೇ ಇಲ್ಲಿ ಕಲೆ. ಕಾಲಿನಿಂದ ಸೊಂಟಕ್ಕೆ, ಸೊಂಟದಿಂದ ಭುಜಕ್ಕೆ, ಭುಜದಿಂದ ಮೊಣಕೈಗೆ ಶಕ್ತಿಯನ್ನು ದಾಟಿಸುವ ಆ ಅನುಕ್ರಮ ಚಿಕ್ಕಂದಿನಲ್ಲೇ ಮೈಗೂಡಬೇಕು. ನಲವತ್ತೊಂದರಲ್ಲಿ ಕಲಿಯಹೊರಟ ನನ್ನ ಮಗ ಎಸೆಯುತ್ತಿದ್ದುದು ಕೇವಲ ತೋಳಿನ ಬಲದಿಂದ. ಮೊಮ್ಮಗ ಎಸೆಯುತ್ತಿದ್ದುದು ಇಡೀ ಮೈಯಿಂದ.

ವೇಗವನ್ನು ಅಳೆಯುವ ಹಂಬಲ ಆ ದೇಶದಲ್ಲಿ ಹೊಸದೇನಲ್ಲ. 1940ರಲ್ಲಿ, ಚೆಂಡಿನ ವೇಗ ತಿಳಿಯಲು ಸೂಕ್ತ ಉಪಕರಣವಿಲ್ಲದ ಕಾಲದಲ್ಲಿ, ಬಾಬ್ ಫೆಲ್ಲರ್ ಎಂಬ ಪ್ರಸಿದ್ಧ ಪಿಚರ್ ಷಿಕಾಗೋದಲ್ಲಿ ಓಡುತ್ತಿದ್ದ ಮೋಟಾರ್‌ಸೈಕಲ್ಲಿನೊಂದಿಗೆ ತನ್ನ ಚೆಂಡನ್ನು ಸ್ಪರ್ಧೆಗೆ ಬಿಟ್ಟಿದ್ದ. ಗೆದ್ದದ್ದು ಚೆಂಡು. ಈ ಫೆಲ್ಲರ್ ಅಯೋವಾ ರಾಜ್ಯದ ಒಬ್ಬ ರೈತನ ಮಗ. ಮಗನಿಗಾಗಿ ತಂದೆ ತನ್ನ ಹೊಲದಲ್ಲೇ ಒಂದು ಆಟದ ಮೈದಾನ ಮಾಡಿಕೊಟ್ಟಿದ್ದ, ಅವನ ಎಸೆತಗಳನ್ನು ತಾನೇ ಹಿಡಿಯುತ್ತಿದ್ದ. ಒಂದು ದಿನ ತಿರುವಿನ ಎಸೆತವನ್ನು ನಿರೀಕ್ಷಿಸುತ್ತ ಕುಳಿತಿದ್ದವನಿಗೆ ಮಗನ ವೇಗದ ಚೆಂಡು ಬಡಿದು ಪಕ್ಕೆಲುಬು ಮುರಿಯಿತು. ಹುಡುಗ 1936ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಮೇಜರ್ ಲೀಗ್ ಪ್ರವೇಶಿಸಿದ. ಮಗ ತನ್ನನ್ನು ಮೀರಿದನೆಂಬುದು ಆ ತಂದೆಗೆ ಯಾವ ಯಂತ್ರವೂ ಹೇಳಬೇಕಾಗಿರಲಿಲ್ಲ; ಎದೆಯ ಗೂಡೇ ಹೇಳಿತ್ತು.

ಯಂತ್ರ ಬಂದದ್ದು 1974ರಲ್ಲಿ. ಡ್ಯಾನಿ ಲಿಟ್‌ವೈಲರ್ ಎಂಬ ವಿಶ್ವವಿದ್ಯಾಲಯ ತರಬೇತುದಾರರೊಬ್ಬರು, ಅತಿವೇಗದ ವಾಹನಗಳನ್ನು ಹಿಡಿಯಲು ಪೊಲೀಸರು ಬಳಸುತ್ತಿದ್ದ ರೇಡಾರ್ ಗನ್ನನ್ನು ಚೆಂಡಿನ ಕಡೆಗೆ ತಿರುಗಿಸಿದರು. ಅದೇ ವರ್ಷ ನೋಲನ್ ರಯಾನ್ ಎಂಬಾತನ ಎಸೆತ 100.9 ಮೈಲಿ ಎಂದು ದಾಖಲಾಯಿತು. ಅದೇ ವರ್ಷ ಲಾಸ್ ಏಂಜಲೀಸಿನ ಟಾಮಿ ಜಾನ್ ಎಂಬ ಎಸೆತಗಾರನ ಮೊಣಕೈಯ ಅಸ್ಥಿರಜ್ಜು ಹರಿದುಹೋಗಿ, ಡಾ. ಫ್ರಾಂಕ್ ಜೋಬ್ ಅವರು ಅವನ ಇನ್ನೊಂದು ಕೈಯಿಂದ ಸ್ನಾಯುರಜ್ಜು ತೆಗೆದು ಇಲ್ಲಿ ಹೊಸೆದು ಕೂಡಿಸಿದರು. ಆ ಶಸ್ತ್ರಚಿಕಿತ್ಸೆಗೆ ಇಂದಿಗೂ ಆಟಗಾರನ ಹೆಸರೇ ಇದೆ. ಅಳತೆಗೋಲೂ ಅದರ ಪೆಟ್ಟಿಗೆ ಮದ್ದೂ ಒಂದೇ ವರ್ಷ ಹುಟ್ಟಿದ್ದು ಕಾಕತಾಳೀಯವೇ ಇರಬಹುದು. ಆದರೆ ಮೇಜರ್ ಲೀಗ್ ಬೇಸ್‌ಬಾಲ್ ಸಂಸ್ಥೆಯೇ 2024ರ ಡಿಸೆಂಬರಿನಲ್ಲಿ ಪ್ರಕಟಿಸಿದ ವರದಿಯನ್ನು ನೋಡಿ. 2008ರಲ್ಲಿ 91.3 ಮೈಲಿಯಿದ್ದ ವೇಗದ ಎಸೆತದ ಸರಾಸರಿ 2024ರಲ್ಲಿ 94.2ಕ್ಕೆ ಏರಿದೆ. ವೃತ್ತಿಪರ ಆಟಗಾರರಲ್ಲಿ 2010ರಲ್ಲಿ 104 ಇದ್ದ ಟಾಮಿ ಜಾನ್ ಶಸ್ತ್ರಚಿಕಿತ್ಸೆಗಳು 2024ರಲ್ಲಿ 281 ಆಗಿವೆ. ವೇಗದ ಬೆನ್ನಟ್ಟುವಿಕೆಯೇ ಮುಖ್ಯ ಕಾರಣಗಳಲ್ಲೊಂದೆಂದು ವರದಿ ಹೇಳುತ್ತದೆ. ಈ ಚಾಳಿ ಮಕ್ಕಳ ಆಟಕ್ಕೂ ಇಳಿದಿದೆಯೆಂದು ಎಚ್ಚರಿಸುತ್ತದೆ.

ಮಕ್ಕಳ ಕೈ ಕಾಯಲು ನಿಯಮಗಳಿಲ್ಲವೆಂದಲ್ಲ. ಲಿಟಲ್ ಲೀಗ್ ಎಂಬ ಮಕ್ಕಳ ಬೇಸ್‌ಬಾಲ್ ಸಂಸ್ಥೆ 2007ರಿಂದ ಪಿಚರ್‌ಗಳ ಎಸೆತಗಳನ್ನು ಎಣಿಸುತ್ತಿದೆ. ಹನ್ನೊಂದು-ಹನ್ನೆರಡರ ಮಕ್ಕಳು ದಿನಕ್ಕೆ 85ಕ್ಕಿಂತ ಹೆಚ್ಚು ಎಸೆಯುವಂತಿಲ್ಲ. 66 ದಾಟಿದರೆ ನಾಲ್ಕು ದಿನ ವಿರಾಮ ಕಡ್ಡಾಯ. ಮೊಮ್ಮಗನ ಪಂದ್ಯಗಳಲ್ಲಿ ಒಬ್ಬರು ಕೈಯಲ್ಲಿ ಎಣಿಕೆಯ ಗುಂಡಿ ಹಿಡಿದು ಕುಳಿತಿರುವುದನ್ನು ಕಂಡು, ಮತ ಎಣಿಕೆ ಕೇಂದ್ರದ ಶಿಸ್ತು ನೆನಪಾಗಿ ನನಗೆ ಸಂತೋಷವೇ ಆಗಿತ್ತು. ಆದರೆ ಆ ಗುಂಡಿ ಎಣಿಸುವುದು ಪಂದ್ಯದ ಎಸೆತಗಳನ್ನು ಮಾತ್ರ. ಮನೆಯ ಹಿತ್ತಲಲ್ಲಿ, ಅಪ್ಪ ಕಚೇರಿಯಿಂದ ಬರುವ ಮುನ್ನ, ಬೇಲಿಗೆ ಕಟ್ಟಿದ ಬಲೆಗೆ ಒಬ್ಬನೇ ಎಸೆಯುವ ಎಸೆತಗಳನ್ನು ಎಣಿಸುವವರು ಯಾರು?

ಈ ಸಮಸ್ಯೆ ನನಗೆ ಅಪರಿಚಿತವಲ್ಲ. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ಬಗ್ಗೆ ಹೇಳಿದ ಮಾತೊಂದು ಅನಂತರ ಅವರ ಹೆಸರಿನ ನಿಯಮವೇ ಆಗಿದೆ: ಅಳತೆಯೇ ಗುರಿಯಾದೊಡನೆ ಅದು ಒಳ್ಳೆಯ ಅಳತೆಯಾಗಿ ಉಳಿಯುವುದಿಲ್ಲ. ಕೆ.ಡಿ.ಪಿ. ಸಭೆಗಳಲ್ಲಿ ಗುರಿ, ಸಾಧನೆ, ಶೇಕಡಾವಾರು ಎಂಬ ಮೂರು ಕಾಲಮ್ಮುಗಳ ಮುಂದೆ ಮೂರು ದಶಕ ಕುಳಿತವನಿಗೆ ಇದನ್ನು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ. ಒಂದು ತಾಲ್ಲೂಕಿನಲ್ಲಿ ಸಸಿ ನೆಡುವ ಗುರಿಯನ್ನು ಶೇಕಡಾ ನೂರಕ್ಕಿಂತ ಹೆಚ್ಚು ಸಾಧಿಸಿದ್ದರು. ಮರುವರ್ಷ ಹೋಗಿ ನೋಡಿದರೆ ಗುಂಡಿಗಳಿದ್ದವು, ಗಿಡಗಳಿರಲಿಲ್ಲ. ಮತ್ತೆ ಅದೇ ಗುಂಡಿಗಳಲ್ಲಿ ಆ ವರ್ಷದ ಗುರಿ ಸಾಧನೆ! ಇಷ್ಟೆಲ್ಲ ಬಲ್ಲ ನಾನು, ಮೊಮ್ಮಗನ 50 ಕಂಡು ಜಾತ್ರೆಯಲ್ಲಿ ಏನು ಹೇಳಿದೆ ಗೊತ್ತೆ? "ಇನ್ನು ಐದೇ ಐದು, ಪುಟ್ಟ!"

ಜುಲೈ ಮಧ್ಯಭಾಗದ ಒಂದು ಬೆಳಿಗ್ಗೆ, ಬಲಗೈಯ ಹುಡುಗ ಎಡಗೈಯಲ್ಲಿ ಹಾಲಿನ ಡಬ್ಬ ಎತ್ತಿ ಬಗ್ಗಿಸುತ್ತಿರುವುದನ್ನು ನನ್ನ ಶ್ರೀಮತಿ ಗಮನಿಸಿದಳು. ಕೇಳಿದಾಗ ಏನೂ ಇಲ್ಲ ಎಂದ. ಸಂಜೆ ಸೊಸೆ ಮೊಣಕೈಯ ಒಳಬದಿಯನ್ನು ಮುಟ್ಟಿದಾಗ ಕಣ್ಣಲ್ಲಿ ನೀರು ಬಂತು. ಆ ವಯಸ್ಸಿನಲ್ಲಿ ಮೊಣಕೈಯ ಎಲುಬಿನ ತುದಿ ಇನ್ನೂ ಗಟ್ಟಿಯಾಗಿರುವುದಿಲ್ಲ. ಬೆಳೆಯುತ್ತಿರುವ ಮೃದ್ವಸ್ಥಿಯ ಒಂದು ಪದರ ಅಲ್ಲಿರುತ್ತದೆ. ಪ್ರತಿ ಎಸೆತದ ಜಗ್ಗುವಿಕೆ ಬೀಳುವುದು ಅದರ ಮೇಲೆ. ದೊಡ್ಡವರಲ್ಲಿ ರಜ್ಜು ಹರಿಯುವ ಕಡೆ ಮಕ್ಕಳಲ್ಲಿ ಈ ಪದರ ಸಡಿಲವಾಗುತ್ತದೆ. ವೈದ್ಯರು ಎಕ್ಸ್-ರೇ ನೋಡಿ, ಶಸ್ತ್ರಚಿಕಿತ್ಸೆಯ ಮಾತೇ ಇಲ್ಲ, ಆದರೆ ಆರು ವಾರ ಒಂದು ಚೆಂಡನ್ನೂ ಎಸೆಯಬಾರದು ಎಂದರು. ಇನ್ನೂ ಒಂದು ತಿಂಗಳು ಮುಚ್ಚಿಟ್ಟಿದ್ದರೆ ಏನಾಗುತ್ತಿತ್ತೆಂಬುದನ್ನೂ ಹೇಳಿದರು.

"ನೋವಾಗುತ್ತಿದೆ ಅಂತ ಯಾಕೋ ಹೇಳಲಿಲ್ಲ?" ಎಂದು ಮಗ ಕಾರಿನಲ್ಲಿ ಗದರಿದ.

"53 ಬಂದಿತ್ತು. ಇನ್ನು ಎರಡೇ ಇತ್ತು" ಎಂದು ಹುಡುಗ ಕಿಟಕಿಯ ಕಡೆ ಮುಖ ಮಾಡಿ ಹೇಳಿದ.

ಮನೆಗೆ ಬಂದ ಮೇಲೆ ಮಗನಿಗೆ ಬುದ್ಧಿ ಹೇಳಲು ನಾನು ಸಿದ್ಧನಾಗಿದ್ದೆ. ಮಕ್ಕಳೊಂದಿಗೆ ಪೈಪೋಟಿ ಮಾಡಬಾರದು, ಅಂಕೆ ತೋರಿಸಿ ಕೆಣಕಬಾರದು ಇತ್ಯಾದಿ. ಎರಡು ವಾಕ್ಯ ಮುಗಿಯುವಷ್ಟರಲ್ಲಿ ಅವನು ಮೆಲ್ಲಗೆ ಕೇಳಿದ: "ಅಪ್ಪ, ನನ್ನ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ನೀವು ಟ್ರಂಕಿನಿಂದ ನಿಮ್ಮ ಅಂಕಪಟ್ಟಿ ತೆಗೆದು ತೋರಿಸಿದ್ದು ನೆನಪಿದೆಯೇ?"

ನನಗೆ ನೆನಪಿತ್ತು. ಗಣಿತದಲ್ಲಿ ನನಗೆ 96, ಅವನಿಗೆ 89. ಸೀಮೆಎಣ್ಣೆ ದೀಪದಲ್ಲಿ ಓದಿದ್ದರ ಬಗ್ಗೆ ಒಂದು ಮಾತನ್ನೂ ಸೇರಿಸಿದ್ದೆನೆಂದು ಅವನು ಜ್ಞಾಪಿಸಿದ. ಅದು ಮಾತ್ರ ನನಗೆ ಮರೆತುಹೋಗಿತ್ತು. 1973ರ ಪಠ್ಯವೇ ಬೇರೆ, 1999ರ ಪಠ್ಯವೇ ಬೇರೆ ಎಂದು ಆಗ ನನಗೆ ತೋಚಿರಲಿಲ್ಲ. ರಯಾನನ 100.9 ಮೈಲಿಯನ್ನು ಅಳೆದದ್ದು ಚೆಂಡು ಬ್ಯಾಟುಗಾರನ ಸಮೀಪಕ್ಕೆ ಬಂದು ವೇಗ ಕಳೆದುಕೊಂಡ ಮೇಲೆ. 2010ರಲ್ಲಿ 105 ಮೈಲಿ ದಾಟಿದ ಅರೋಲ್ಡಿಸ್ ಚಾಪ್‌ಮನ್‌ನ ಎಸೆತವನ್ನು ಅಳೆದದ್ದು ಅದು ಕೈಬಿಟ್ಟ ಕೂಡಲೇ. ಎರಡನ್ನೂ ಅಕ್ಕಪಕ್ಕ ಇಟ್ಟು ಯಾರು ದೊಡ್ಡವನೆಂದು ಕೇಳುವುದೇ ತಪ್ಪೆಂದು ಬಲ್ಲವರು ಹೇಳುತ್ತಾರೆ. ನಮ್ಮ ಮಧ್ಯಮವರ್ಗದ ಮನೆಗಳ ಟ್ರಂಕುಗಳಲ್ಲಿ ಇಂಥ ಎಷ್ಟು ಅಂಕಪಟ್ಟಿಗಳು ಮಕ್ಕಳ ಫಲಿತಾಂಶಕ್ಕಾಗಿ ಕಾದು ಕುಳಿತಿವೆಯೋ!

ನನ್ನ ತಂದೆಗೆ ತೋರಿಸಲು ಅಂಕಪಟ್ಟಿಯೇ ಇರಲಿಲ್ಲ. ಚಿತ್ರದುರ್ಗದ ಕಡೆಯ ಮಳೆಯಾಶ್ರಿತ ಹೊಲ ನಮ್ಮದು. ಜೋಳ ತೆನೆಗಟ್ಟಿದಾಗ ಅಟ್ಟಣೆ ಹತ್ತಿ ಕವಣೆ ಬೀಸಿ ಹಕ್ಕಿ ಓಡಿಸುವುದು ಅವರ ಕೆಲಸ. ಕಲ್ಲು ಹೊಲದ ಆಚೆ ಅಂಚಿನ ಜಾಲಿಮರದವರೆಗೆ ಹೋಗುತ್ತಿತ್ತು. ನಾನು ಹದಿಮೂರರವನಿದ್ದಾಗ ಒಂದು ಸಂಜೆ ನನ್ನ ಕಲ್ಲು ಆ ಮರವನ್ನೂ ದಾಟಿ ಬಿತ್ತು. ತಂದೆ ಮರದ ಕಡೆಗೊಮ್ಮೆ ನೋಡಿದರು. "ನಾಳೆಯಿಂದ ನೀನೇ ಹತ್ತು" ಎಂದು ಹೇಳಿ ಇಳಿದುಹೋದರು. ಆ ಕಾಲವೇ ಚೆನ್ನಾಗಿತ್ತೆಂದು ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ಮರುದಿನದಿಂದ ಶಾಲೆಗೆ ಮುಂಚೆ ಎರಡು ಗಂಟೆ ಅಟ್ಟಣೆಯ ಮೇಲೆ ನಿಂತು ನನ್ನ ಭುಜವೂ ಸಾಕಷ್ಟು ನೊಂದಿದೆ. ಅದನ್ನು ನೋಡುವ ವೈದ್ಯರು ಇಪ್ಪತ್ತು ಮೈಲಿ ಸುತ್ತಳತೆಯಲ್ಲಿ ಇರಲಿಲ್ಲ.

ಈ ಕಥೆಯನ್ನು ಆಗಸ್ಟಿನಲ್ಲಿ, ಕೈಗೆ ಕೆಲಸವಿಲ್ಲದೆ ಚಡಪಡಿಸುತ್ತಿದ್ದ ಮೊಮ್ಮಗನಿಗೆ ಹೇಳಿದೆ. ಅವನು ಕೇಳಿದ ಮೊದಲ ಪ್ರಶ್ನೆ: "ತಾತ, ಆ ಕಲ್ಲು ಎಷ್ಟು ಮೈಲಿ ಸ್ಪೀಡು?" ನಾನು ನಕ್ಕುಬಿಟ್ಟೆ. ಬಳಿಕ ನಮ್ಮ ಮೈಸೂರಿನ ಬಿ.ಎಸ್. ಚಂದ್ರಶೇಖರ್ ಅವರ ವಿಷಯ ಹೇಳಿದೆ. ಬಾಲ್ಯದ ಪೋಲಿಯೋದಿಂದ ಸೊರಗಿದ ಬಲಗೈಯಲ್ಲೇ ಅವರು ಬೌಲಿಂಗ್ ಮಾಡಿ 1971ರಲ್ಲಿ ಓವಲ್ ಮೈದಾನದಲ್ಲಿ ಇಂಗ್ಲೆಂಡಿನ ಆರು ವಿಕೆಟ್ ಕಿತ್ತದ್ದು, ಫೀಲ್ಡಿಂಗ್ ಮಾಡುವಾಗ ಮಾತ್ರ ಚೆಂಡನ್ನು ಎಡಗೈಯಿಂದ ಎಸೆಯುತ್ತಿದ್ದದ್ದು. ಹುಡುಗ ಕೂಡಲೇ ಎದ್ದು ಎಡಗೈಯಲ್ಲಿ ಎಸೆಯಲು ಹೊರಟ. ಅವನ ತಾಯಿ ತಡೆದಳು.

ಸೆಪ್ಟೆಂಬರಿನಲ್ಲಿ ನಾವು ಬೆಂಗಳೂರಿಗೆ ಮರಳಿದೆವು. 2025ರ ಏಪ್ರಿಲ್‌ನಲ್ಲಿ, ಅಲ್ಲಿ ಆಟದ ಋತು ಪ್ರಾರಂಭವಾದ ಮೇಲೆ, ಒಂದು ಭಾನುವಾರ ಮೊಮ್ಮಗ ಫೋನ್ ಮಾಡಿದ. ಪಂದ್ಯದಲ್ಲಿ 41 ಎಸೆತ ಎಸೆದನಂತೆ, ಕೈ ನೋಯಲಿಲ್ಲವಂತೆ. ಯಾರೋ ಯಂತ್ರ ತಂದಿದ್ದರಂತೆ, 56 ತೋರಿಸಿತಂತೆ.

ನಾಲಿಗೆ ಕಚ್ಚಿಕೊಳ್ಳುವ ಮೊದಲೇ ನನ್ನ ಬಾಯಿಂದ ಬಂದುಬಿಟ್ಟಿತು: "ಅಪ್ಪನದು ಎಷ್ಟು ಬಂತು?"

"ಅಪ್ಪ ಎಸೆಯಲಿಲ್ಲ ತಾತ. ಈಗ ಹಿತ್ತಲಲ್ಲಿ ಅಪ್ಪನೇ ನನ್ನ ಕ್ಯಾಚರ್. ಎಣಿಸುವವರೂ ಅವರೇ. ಮೂವತ್ತಕ್ಕೆ ನಿಲ್ಲಿಸಿಬಿಡುತ್ತಾರೆ" ಎಂದ. ಹಿಂದಿನಿಂದ ಮಗ ಏನೋ ಕೂಗಿ ಹೇಳುತ್ತಿದ್ದ; ತನ್ನ ಎಡ ಅಂಗೈ ಊದಿಕೊಂಡಿದೆಯೆಂದು ತಿಳಿಸಬೇಕಂತೆ.