ಒಂದು ನಾಣ್ಯಕ್ಕೆ 137 ಕೋಟಿ ಬಂದದ್ದು ನಿಜ, ನಿಮ್ಮ ಡಬ್ಬಿಯಲ್ಲಿರುವ ನಾಣ್ಯಕ್ಕೆ 10 ಲಕ್ಷ ಬರುತ್ತದೆಯೇ?

ವೈಷ್ಣೋದೇವಿ ಚಿತ್ರವಿರುವ 5 ಅಥವಾ 10 ರೂಪಾಯಿ ನಾಣ್ಯ ನಿಮ್ಮಲ್ಲಿದ್ದರೆ 10 ಲಕ್ಷ ರೂಪಾಯಿ ಸಿಗುತ್ತದೆ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಆಗಾಗ ತಿರುಗುತ್ತಿರುತ್ತದೆ. ಟ್ರ್ಯಾಕ್ಟರ್ ಇರುವ 5 ರೂಪಾಯಿ ನೋಟು, 786 ಸಂಖ್ಯೆಯ ನೋಟಿನ ಬಗ್ಗೆಯೂ ಇದೇ ಕಥೆ. ಜನ ನಂಬುವುದಕ್ಕೆ ಕಾರಣವಿದೆ. ನಾಣ್ಯಗಳು ಕೋಟಿಗಟ್ಟಲೆ ಬೆಲೆಗೆ ಹರಾಜಾಗುವ ಸುದ್ದಿ ಪತ್ರಿಕೆಗಳಲ್ಲೂ ಬರುತ್ತದೆ, ಆ ಸುದ್ದಿ ಸುಳ್ಳೂ ಅಲ್ಲ. ಹಾಗಾದರೆ ಯಾವ ನಾಣ್ಯಕ್ಕೆ, ಯಾಕೆ ಅಷ್ಟು ಹಣ ಎಂಬುದನ್ನು ನೋಡೋಣ.

2021ರ ಜೂನ್‌ನಲ್ಲಿ ನ್ಯೂಯಾರ್ಕ್‌ನ ಸೋಥೆಬೀಸ್ ಹರಾಜಿನಲ್ಲಿ ಅಮೆರಿಕದ 20 ಡಾಲರ್ ಮುಖಬೆಲೆಯ ಚಿನ್ನದ ನಾಣ್ಯವೊಂದು ಸುಮಾರು 1 ಕೋಟಿ 89 ಲಕ್ಷ ಡಾಲರಿಗೆ ಹೋಯಿತು. ಆಗಿನ ಲೆಕ್ಕದಲ್ಲಿ ಸುಮಾರು 137 ಕೋಟಿ ರೂಪಾಯಿ. ಇದೇ ನಾಣ್ಯ 2002ರಲ್ಲಿ 75.9 ಲಕ್ಷ ಡಾಲರಿಗೆ ಮಾರಾಟವಾಗಿತ್ತು. ಅದರಲ್ಲಿರುವ ಚಿನ್ನ ಸುಮಾರು 30 ಗ್ರಾಂ ಮಾತ್ರ. ಉಳಿದದ್ದೆಲ್ಲ ಅದರ ಕಥೆಗೆ ಬಂದ ಬೆಲೆ. 1933ರಲ್ಲಿ ಈ ‘ಡಬಲ್ ಈಗಲ್’ ನಾಣ್ಯಗಳನ್ನು 4,45,500ರಷ್ಟು ಅಚ್ಚು ಹಾಕಿದರು. ಅಷ್ಟರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಚಿನ್ನದ ನಾಣ್ಯಗಳ ಚಲಾವಣೆಯನ್ನೇ ನಿಲ್ಲಿಸಿದರು. ಟಂಕಸಾಲೆಯಲ್ಲಿದ್ದವನ್ನು ಕರಗಿಸಲಾಯಿತು. ಕೆಲವು ಮಾತ್ರ ಹೊರಗೆ ಜಾರಿದವು. ಅವುಗಳಲ್ಲಿ ಖಾಸಗಿಯವರು ಕಾನೂನುಬದ್ಧವಾಗಿ ಇಟ್ಟುಕೊಳ್ಳಬಹುದಾದದ್ದು ಎಂದು ಅಮೆರಿಕ ಸರ್ಕಾರ ಒಪ್ಪಿದ್ದು ಈ ಒಂದನ್ನೇ. ಒಂದು ತಮಾಷೆಯೆಂದರೆ, 2002ರಲ್ಲಿ ಕೊಂಡವರು ಹರಾಜಿನ ಹಣದ ಮೇಲೆ ಇನ್ನೂ 20 ಡಾಲರ್ ಕೊಡಬೇಕಾಯಿತು. ಅಲ್ಲಿಯವರೆಗೆ ಅದು ಅಧಿಕೃತವಾಗಿ ಹಣವೇ ಆಗಿರಲಿಲ್ಲ!

ಅಂದರೆ ವಿರಳವಾಗಿದ್ದರೆ ಸಾಕೇ? ಸಾಲದು. ನಾಣ್ಯದ ಸ್ಥಿತಿಯೂ ಅಷ್ಟೇ ಮುಖ್ಯ. 1893ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆ 1 ಲಕ್ಷ ಬೆಳ್ಳಿ ಡಾಲರ್ ನಾಣ್ಯಗಳನ್ನು ಅಚ್ಚು ಹಾಕಿತು. ಕೈಯಿಂದ ಕೈಗೆ ಓಡಾಡಿ ಸವೆದ ಅಂಥ ನಾಣ್ಯಕ್ಕೆ ಕೆಲವು ಸಾವಿರ ಡಾಲರ್ ಬರುತ್ತದೆ. ಅದೇ ವರ್ಷದ, ಅದೇ ಟಂಕಸಾಲೆಯ, ಆದರೆ ನಿನ್ನೆ ಅಚ್ಚಿನಿಂದ ಹೊರಬಂದಂತಿದ್ದ ಒಂದು ನಾಣ್ಯ 2021ರಲ್ಲಿ 20 ಲಕ್ಷ ಡಾಲರಿಗೂ ಹೆಚ್ಚಿಗೆ ಹೋಯಿತು.

ಈ ಸ್ಥಿತಿಯನ್ನು ಅಳೆಯಲು 1ರಿಂದ 70ರವರೆಗಿನ ಅಂಕಗಳಿವೆ. 1949ರಲ್ಲಿ ವಿಲಿಯಂ ಶೆಲ್ಡನ್ ಎಂಬವರು ರೂಪಿಸಿದ ಪದ್ಧತಿ ಇದು. 60ರಿಂದ ಮೇಲೆ ಎಂದರೆ ಚಲಾವಣೆಗೇ ಹೋಗದ ನಾಣ್ಯ. ಮೊದಲು ಮಾರುವವನು ಹೇಳಿದ್ದೇ ಅಂಕವಾಗಿತ್ತು. 1986ರಲ್ಲಿ ಪಿಸಿಜಿಎಸ್, ಮರುವರ್ಷ ಎನ್‌ಜಿಸಿ ಎಂಬ ಸಂಸ್ಥೆಗಳು ಹುಟ್ಟಿ, ನಾಣ್ಯವನ್ನು ಪರೀಕ್ಷಿಸಿ, ಅಂಕ ಬರೆದು, ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿ ಕೊಡತೊಡಗಿದವು. ನಾಣ್ಯವನ್ನು ಕೈಯಲ್ಲಿ ಹಿಡಿದು ನೋಡದೆಯೇ ದೂರದ ಊರಿನಿಂದ ಬಿಡ್ ಕೂಗುವುದು ಇದರಿಂದ ಸುಲಭವಾಯಿತು. ಯಾರ ಸಂಗ್ರಹಕ್ಕೆ ಹೆಚ್ಚು ಅಂಕ ಎಂಬ ಪಟ್ಟಿಗಳೂ ಬಂದವು. ಪಟ್ಟಿಯಲ್ಲಿ ಮೊದಲ ಸ್ಥಾನ ಬೇಕೆಂಬ ಶ್ರೀಮಂತರು ಇಬ್ಬರು ಎದುರಾದರೆ ಸಾಕು, ಬೆಲೆ ಎಲ್ಲಿಗೋ ಹೋಗುತ್ತದೆ. ನಮ್ಮ ಅಭಿಪ್ರಾಯದಲ್ಲಿ ಬೆಲೆ ಏರಿಕೆಯ ಗುಟ್ಟಿನಲ್ಲಿ ಅರ್ಧ ಈ ಪೈಪೋಟಿಯಲ್ಲೇ ಇದೆ.

ಇಲ್ಲಿ ಸ್ವಲ್ಪ ವಿಜ್ಞಾನವೂ ಇದೆ. ಅಚ್ಚುಗಳ ನಡುವೆ ಭಾರೀ ಒತ್ತಡ ಬಿದ್ದಾಗ ಲೋಹ ಹರಿದು, ನಾಣ್ಯದ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳು ಮೂಡುತ್ತವೆ. ಹೊಸ ನಾಣ್ಯವನ್ನು ಬೆಳಕಿನಲ್ಲಿ ತಿರುಗಿಸಿದಾಗ ಹೊಳಪು ಸುತ್ತಿದಂತೆ ಕಾಣುವುದು ಈ ಗೆರೆಗಳಿಂದ. ಉಜ್ಜಿದರೆ ಇವು ಅಳಿಸಿಹೋಗುತ್ತವೆ, ಮತ್ತೆ ಬರುವುದಿಲ್ಲ. ಆದ್ದರಿಂದ ಅಜ್ಜಿಯ ಪೆಟ್ಟಿಗೆಯಲ್ಲಿ ಹಳೆಯ ನಾಣ್ಯ ಸಿಕ್ಕರೆ ಹುಣಸೆಹಣ್ಣು, ಬೂದಿ, ಪೀತಾಂಬರಿ ಯಾವುದನ್ನೂ ಹಚ್ಚಬೇಡಿ. ಹುಣಸೆಯ ಆಮ್ಲ ಕಪ್ಪು ಪದರವನ್ನು ತೆಗೆಯುತ್ತದೆ ನಿಜ, ಜೊತೆಗೆ ನಾಣ್ಯದ ಮೇಲ್ಮೈಯನ್ನೂ ಕೆಡಿಸುತ್ತದೆ. ತಾಮ್ರದ ಚೊಂಬು ಬೆಳಗಿದಂತೆ ಬೆಳಗಿದ ನಾಣ್ಯವನ್ನು ಸಂಗ್ರಾಹಕರು ಕಡಿಮೆ ಬೆಲೆಗೇ ಕೇಳುತ್ತಾರೆ.

ಬೆಲೆ ಸದಾ ಏರುತ್ತಲೇ ಇರುತ್ತದೆ ಎಂದೂ ಇಲ್ಲ. 1794ರ ಅಮೆರಿಕದ ಬೆಳ್ಳಿ ಡಾಲರೊಂದು 2013ರಲ್ಲಿ 1 ಕೋಟಿ ಡಾಲರ್ ದಾಟಿ ದಾಖಲೆ ಮಾಡಿತು. ಅದೇ ನಾಣ್ಯ 2020ರಲ್ಲಿ ಮತ್ತೆ ಹರಾಜಿಗೆ ಬಂದಾಗ ಮಾಲೀಕರ ಕನಿಷ್ಠ ಬೆಲೆಯೂ ಬರದೆ ಹಿಂದಕ್ಕೆ ಹೋಯಿತು. ಮೊದಲನೆಯ ಸುದ್ದಿ ಎಲ್ಲೆಡೆ ಓಡಾಡಿತು, ಎರಡನೆಯದನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ. ಇನ್ನೊಂದು ವಿಷಯ, ಸುದ್ದಿಯಲ್ಲಿ ಬರುವ ಮೊತ್ತದಲ್ಲಿ ಸಾಮಾನ್ಯವಾಗಿ ಹರಾಜು ಸಂಸ್ಥೆಯ ಶುಲ್ಕವೂ ಸೇರಿರುತ್ತದೆ. ಮಾರಿದವರ ಕೈಗೆ ಅಷ್ಟೂ ಸಿಗುವುದಿಲ್ಲ.

ಈಗ ವೈಷ್ಣೋದೇವಿ ನಾಣ್ಯಕ್ಕೆ ಬರೋಣ. ಅದು 2012ರದ್ದು, ಶ್ರೀ ಮಾತಾ ವೈಷ್ಣೋದೇವಿ ಮಂದಿರ ಮಂಡಳಿಯ 25 ವರ್ಷದ ನೆನಪಿಗೆ ಬಂದ ಚಲಾವಣೆಯ ನಾಣ್ಯ. ಇಂದಿಗೂ ಕಿರಾಣಿ ಅಂಗಡಿಯ ಚಿಲ್ಲರೆಯಲ್ಲಿ ಸಿಗುವಂಥದ್ದು. ಕೊಳ್ಳುವವನಿಗೆ ಚಿಲ್ಲರೆಯಲ್ಲೇ ಸಿಗುವಾಗ ಅವನು 10 ಲಕ್ಷ ಯಾಕೆ ಕೊಡುತ್ತಾನೆ? ಆನ್‌ಲೈನ್ ಜಾಹೀರಾತಿನಲ್ಲಿ ಯಾರೋ 10 ಲಕ್ಷ ಎಂದು ಬರೆದಿರಬಹುದು. ಅದು ಅವರು ಕೇಳಿದ ಬೆಲೆ. ಯಾರಾದರೂ ಕೊಟ್ಟ ಬೆಲೆಯಲ್ಲ. ನೀವು ನೋಡಬೇಕಾದದ್ದು ಹರಾಜು ಸಂಸ್ಥೆಗಳು ತಮ್ಮ ಜಾಲತಾಣದಲ್ಲಿ ಪ್ರಕಟಿಸುವ, ನಿಜವಾಗಿ ಮಾರಾಟವಾದ ಬೆಲೆಯನ್ನು.

ನಷ್ಟವಾಗುವುದು ಇದರ ನಂತರ. ಸಂದೇಶದಲ್ಲಿರುವ ನಂಬರಿಗೆ ನಾಣ್ಯದ ಫೋಟೋ ಕಳಿಸಿದರೆ ಕೂಡಲೇ ‘ನಿಮ್ಮ ನಾಣ್ಯ ಆಯ್ಕೆಯಾಗಿದೆ’ ಎಂಬ ಉತ್ತರ ಬರುತ್ತದೆ. ಆಮೇಲೆ ನೋಂದಣಿ ಶುಲ್ಕ, ಜಿಎಸ್‌ಟಿ, ಹಣ ಸಾಗಿಸುವ ವಾಹನದ ಖರ್ಚು ಎಂದು ಒಂದೊಂದಾಗಿ ಕೇಳುತ್ತಾರೆ. ನಂಬಿಕೆ ಬರಲೆಂದು ರಿಸರ್ವ್ ಬ್ಯಾಂಕಿನ ಲಾಂಛನವಿರುವ ಪತ್ರವನ್ನೂ ತೋರಿಸುತ್ತಾರೆ. 2021ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಈ ಬಗ್ಗೆ ಪ್ರಕಟಣೆ ಹೊರಡಿಸಿ, ಹಳೆಯ ನೋಟು ನಾಣ್ಯಗಳ ಇಂಥ ವ್ಯವಹಾರದಲ್ಲಿ ತಾನು ತೊಡಗಿಲ್ಲ, ಯಾವ ಶುಲ್ಕ ಅಥವಾ ಕಮಿಷನ್ನನ್ನೂ ಕೇಳುವುದಿಲ್ಲ, ತನ್ನ ಪರವಾಗಿ ಕೇಳಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ತಿಳಿಸಿದೆ.

ನಿಮ್ಮಲ್ಲಿ ನಿಜವಾಗಿಯೂ ಹಳೆಯ ನಾಣ್ಯವಿದ್ದರೆ ಅಂಚನ್ನು ಮಾತ್ರ ಹಿಡಿದು ಎರಡೂ ಬದಿಯ ಫೋಟೋ ತೆಗೆದು, ನಾಣ್ಯ ಸಂಗ್ರಾಹಕರ ಸಂಘ ಅಥವಾ ನಾಣ್ಯ ಪ್ರದರ್ಶನದಲ್ಲಿ ಇಬ್ಬರು ಮೂವರಿಗೆ ತೋರಿಸಿ. ನೂರು ವರ್ಷಕ್ಕಿಂತ ಹಳೆಯದಾದರೆ 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ಅದನ್ನು ನೀವು ವಿದೇಶಕ್ಕೆ ಕಳಿಸುವಂತಿಲ್ಲ, ಹಾಗಾಗಿ ‘ದುಬೈ ಖರೀದಿದಾರ’ ಎಂದವರಿಂದ ದೂರವಿರಿ. ಈಗಾಗಲೇ ಹಣ ಕಳಿಸಿಬಿಟ್ಟಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಆ ಹಣವನ್ನು ಬ್ಯಾಂಕಿನಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು.